ಪೇಷಂಟಿನ ಹತ್ರ ಕೇಳಿದ್ರಾ, ಶೆಟ್ರೆ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಮೊದಲು ದಾಸವಾಳದ ಬೇಲಿ ಇತ್ತು, ಈಗ ಮುರಕಲ್ಲಿನ ಕಂಪೌಂಡು. ಮೇಸ್ತ್ರಿ ಅದನ್ನು ಸರಿಯಾಗಿ ಮೊಣಕೈ ಊರುವಷ್ಟು ಎತ್ತರಕ್ಕೆ ನಿಲ್ಲಿಸಿ ಹೋಗಿದ್ದಾನೆ. ಬೇಕೆಂದೇ ಮಾಡಿದನೋ, ಕಲ್ಲು ಸಾಲದೆ ಬಿಟ್ಟನೋ! ಅವನ ಪುಣ್ಯದಿಂದ ಬಿಜೈಯ ಈ ಓಣಿಯಲ್ಲಿ ಸಂಜೆಯ ಚಾ ಆದ ಮೇಲೆ ನನಗೆ ಟೀವಿಯ ಅಗತ್ಯ ಬೀಳುವುದಿಲ್ಲ. ಗೋಡೆಯ ಆಚೆ ಸಿಸ್ಟರ್ ಬಾಯಿ, ನರ್ಸಾಗಿ ರಿಟೈರಾದವರು. ಈಚೆ ನಾನು, ಬ್ಯಾಂಕಿನ ಕೌಂಟರಿನಲ್ಲಿ ಸಹಿ ನೋಡಿ ನೋಡಿ ಕಣ್ಣು ಮಂಜು ಮಾಡಿಕೊಂಡವನು. ಮಂಗಳೂರು ಲೋಕಕ್ಕೆ ಹಂಚಿದ್ದು ಮುಖ್ಯವಾಗಿ ಮೂರು: ಹಂಚು, ಬ್ಯಾಂಕು, ಆಸ್ಪತ್ರೆ. ಹಂಚಿನ ಕಾರ್ಖಾನೆಗಳ ಚಿಮಣಿಗಳು ತಣ್ಣಗಾದವು. ವಿಜಯ ಬ್ಯಾಂಕು 2019ರಲ್ಲಿ ಬರೋಡಾದೊಳಗೆ, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ನಿನೊಳಗೆ ಸೇರಿಹೋದವು. ಆಸ್ಪತ್ರೆಗಳು ಮಾತ್ರ ಬೆಳೆಯುತ್ತಲೇ ಇವೆ. ಕಂಕನಾಡಿ, ಅತ್ತಾವರ, ಜ್ಯೋತಿ, ಕುಂಟಿಕಾನ, ದೇರಳಕಟ್ಟೆ, ಎಲ್ಲಿ ಬಸ್ಸು ಇಳಿದರೂ ಎದುರಿಗೆ ಒಂದು ಮೆಡಿಕಲ್ ಕಾಲೇಜೋ ನರ್ಸಿಂಗ್ ಹೋಮೋ ನಿಂತಿರುತ್ತದೆ.

ಮೊನ್ನೆ ಬಾಯಿಯ ಮೊಮ್ಮಗಳು ಬಸಳೆ ಚಪ್ಪರದ ಕೆಳಗೆ ಕುಳಿತು ಏನೋ ಉರು ಹೊಡೆಯುತ್ತಿದ್ದಳು. ಎಂಬಿಬಿಎಸ್ ಎರಡನೇ ವರ್ಷ. "ಅಟಾನಮಿ, ಜಸ್ಟಿಸ್, ರೆಸ್ಪೆಕ್ಟ್, ನಾನ್‌ಮೆಲಿಫಿಸೆನ್ಸ್." ನಾಲ್ಕನೆಯದರಲ್ಲಿ ಪ್ರತಿ ಸಲ ನಾಲಗೆ ತೊಡರುತ್ತಿತ್ತು.

"ಎಂತ ಮಗಾ, ಹೊಸ ಮಾತ್ರೆಗಳ ಹೆಸರಾ?" ಎಂದೆ.

"ಅಲ್ಲ ಅಂಕಲ್, ಎಥಿಕ್ಸ್. 2019ರಿಂದ ನಮಗೆ ಇದೂ ಪಾಠ ಉಂಟು. ಪೇಷಂಟ್ ತನ್ನ ಬಗ್ಗೆ ತಾನೇ ತೀರ್ಮಾನ ಮಾಡ್ಬೇಕು. ಎಲ್ಲರಿಗೂ ನ್ಯಾಯ ಸಿಗ್ಬೇಕು. ಗೌರವ ಕೊಡ್ಬೇಕು. ಕೇಡು ಮಾಡ್ಲಿಕ್ಕಿಲ್ಲ. 1979ರಲ್ಲಿ ಬೋಚಾಂಪ್ ಮತ್ತು ಚಿಲ್ಡ್ರೆಸ್ ಅಂತ ಇಬ್ಬರು ಅಮೆರಿಕದವರು ಪುಸ್ತಕ ಬರೆದ ಮೇಲೆ ಲೋಕದಲ್ಲೆಲ್ಲ ಸುಮಾರು ಇದನ್ನೇ ಕಲಿಸುದು. ಅವರದ್ದರಲ್ಲಿ 'ಒಳ್ಳೆಯದು ಮಾಡ್ಬೇಕು' ಅಂತಲೂ ಒಂದು ಉಂಟು."

"ಅಮೆರಿಕದವರು ಬರೀಬೇಕಾಯ್ತಾ ಇದನ್ನು?"

"ಅವರು ಮಾಡಿದ್ದೂ ಹಾಗೇ ಉಂಟು" ಎಂದಳು ಹುಡುಗಿ. ಅಲಬಾಮಾದ ಟಸ್ಕೀಗಿ ಎಂಬಲ್ಲಿ 1932ರಿಂದ 1972ರ ತನಕ, ಸಿಫಿಲಿಸ್ ಇದ್ದ ನಾನೂರು ಕಪ್ಪು ಜನರಿಗೆ ರೋಗದ ಹೆಸರನ್ನೂ ಸರಿಯಾಗಿ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಮುಂದುವರಿಯುತ್ತದೆ ಎಂದು ಸರ್ಕಾರದ ವೈದ್ಯರೇ ನೋಡುತ್ತ ಕುಳಿತರಂತೆ. ಅದು ಪತ್ರಿಕೆಯಲ್ಲಿ ಬಂದು ಮರ್ಯಾದೆ ಹೋದ ಮೇಲೆ ಈ ನಿಯಮಗಳಿಗೆ ಜೀವ ಬಂದದ್ದು.

ಬಾಯಿ ಬಸಳೆ ದಂಟು ಕೊಯ್ಯುತ್ತಿದ್ದವರು ಕತ್ತಿ ಗೋಡೆಯ ಮೇಲಿಟ್ಟರು. ಅವರು ಕತ್ತಿ ಇಟ್ಟರೆ ಮಾತು ಉದ್ದ ಎಂದು ಅರ್ಥ.

"ಇವಳಿಗೆ ನಾಲ್ಕು ಕಲಿಸ್ತಾರೆ ಶೆಟ್ರೆ. ನಮ್ಮ ಊರಿಗೆ ಮೊದಲನೇದೊಂದು ಕಲಿಸಿದ್ರೆ ಸಾಕಿತ್ತು. ನಲ್ವತ್ತು ವರ್ಷ ಆಗ್ತಾ ಬಂದ ನನ್ನ ಸರ್ವಿಸಿನಲ್ಲಿ ಪೇಷಂಟಿನ ಹತ್ರ ಕೇಳಿದ್ದು ಕಮ್ಮಿ. ಗಂಡನ ಹತ್ರ ಕೇಳಿದ್ದೇವೆ, ಮಗನ ಹತ್ರ, ಅಳಿಯನ ಹತ್ರ, ಒಂದು ಸಲ ಪೇಷಂಟನ್ನು ಕರ್ಕೊಂಡು ಬಂದ ರಿಕ್ಷಾದವನ ಹತ್ರವೂ ಕೇಳಿದ್ದುಂಟು."

"ಸಹಿ ಹಾಕಿಸಿಕೊಳ್ತೀರಲ್ಲ?"

"ಸಹಿ ಉಂಟಲ್ಲ, ಬೇಕಾದಷ್ಟು ಉಂಟು. ಯಾರದ್ದು ಅಂತ ನೋಡಿ."

ನನ್ನ ಬ್ಯಾಂಕಿನ ಬುದ್ಧಿ ಎಚ್ಚರವಾದದ್ದು ಆಗ. ಖಾತೆ ಯಾರದೋ ಸಹಿ ಅವರದೇ ಇರಬೇಕು, ಬಾಲ ಒಂದು ಗೆರೆ ಆಚೆ ಹೋದರೂ ಚೆಕ್ಕು ವಾಪಸು. ಎಷ್ಟು ಪರಿಚಯದವರಾದರೂ ನಾವು ಹೆಂಡತಿಯ ಚೆಕ್ಕಿಗೆ ಗಂಡನಿಂದ ಸಹಿ ಹಾಕಿಸಿಕೊಂಡವರಲ್ಲ. ಆಸ್ಪತ್ರೆಯಲ್ಲಿ ಕೊಯ್ಯುವ ಹೊಟ್ಟೆ ಒಬ್ಬರದ್ದು, ಸಹಿ ಇನ್ನೊಬ್ಬರದ್ದು. ನಮ್ಮವರ ಲೆಕ್ಕದಲ್ಲಿ ಮನುಷ್ಯನ ಶರೀರ ಎಂದರೆ ಐದರ್ ಆರ್ ಸರ್ವೈವರ್ ಖಾತೆ. ಮನೆಯವರಲ್ಲಿ ಯಾರು ಬೇಕಾದರೂ ಬಂದು ವಿತ್‌ಡ್ರಾ ಮಾಡಬಹುದು.

ಇದು ತಮಾಷೆಗೆ ಹೇಳಿದ್ದು ಹೌದು, ಆದರೆ ಇದೇ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆ 1995ರಲ್ಲಿ ದೆಹಲಿಯ ಒಂದು ಕ್ಲಿನಿಕ್ಕಿಗೆ ಹೋದರು. ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಕಾರಣ ಏನೆಂದು ನೋಡಲು ಅರಿವಳಿಕೆ ಕೊಟ್ಟು ಲ್ಯಾಪರೊಸ್ಕೋಪಿ ಮಾಡಲು ಅವರು ಸಹಿ ಹಾಕಿದರು. ಅವರಿಗೆ ಪ್ರಜ್ಞೆ ಇಲ್ಲದಾಗ ಹೊರಗೆ ಕುಳಿತಿದ್ದ ತಾಯಿಯಿಂದ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ವೈದ್ಯೆಯ ವಾದ ಏನೆಂದರೆ, ಕಾಯಿಲೆಗೆ ಅದೇ ಸರಿಯಾದ ಚಿಕಿತ್ಸೆ, ಒಳ್ಳೆಯದಕ್ಕೇ ಮಾಡಿದ್ದು. ಕೋರ್ಟು 2008ರ ಜನವರಿ 16ರಂದು ಹೇಳಿದ್ದು ಇಷ್ಟು: ಪ್ರಾಯಕ್ಕೆ ಬಂದ, ಬುದ್ಧಿ ಸರಿ ಇರುವ ಹೆಂಗಸು ಸ್ವಲ್ಪ ಹೊತ್ತು ಪ್ರಜ್ಞೆ ಇಲ್ಲದೆ ಮಲಗಿದ್ದಾಳೆ ಎಂದ ಮಾತ್ರಕ್ಕೆ ತಾಯಿಯ ಒಪ್ಪಿಗೆ ಅವಳ ಒಪ್ಪಿಗೆ ಆಗುವುದಿಲ್ಲ, ಪ್ರಾಣಕ್ಕೆ ತುರ್ತು ಇಲ್ಲದಿದ್ದರೆ ಅವಳು ಏಳುವ ತನಕ ಕಾಯಬೇಕು. ಫೀಸು ಇಲ್ಲ, ಮೇಲೆ 25,000 ರೂಪಾಯಿ ಪರಿಹಾರ. ಮೊತ್ತ ನೋಡಿದರೆ ನಗು ಬರುತ್ತದೆ. ತೀರ್ಪು ಮಾತ್ರ ಗಟ್ಟಿ.

"ಅದು ದಿಲ್ಲಿ" ಎಂದೆ.

"ದಿಲ್ಲಿಯ ಹೆಂಗಸಿಗೆ ಕೋರ್ಟಿಗೆ ಹೋಗಲಿಕ್ಕೆ ಧೈರ್ಯ ಇತ್ತು" ಎಂದರು ಬಾಯಿ.

ನಮ್ಮ ಕಡೆ ಕೇಳುವ ಅಭ್ಯಾಸ ಇಲ್ಲ ಎಂದರೆ ಅದೂ ಸುಳ್ಳು. ಎಷ್ಟು ಕೇಳುತ್ತೇವೆ! ಮನೆಯಲ್ಲಿ ಒಬ್ಬರು ಮಲಗಿದರೆ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತೇವೆ. ನೇಮದ ದಿನ ದೈವದೆದುರು ನಿಂತು, ಆಪರೇಷನ್ ಮಾಡಿಸಬಹುದೋ ಬೇಡವೋ ಎಂದು ಅಪ್ಪಣೆ ಕೇಳುತ್ತೇವೆ. ಬಾಯಿಯ ಕಡೆಯವರು ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ನೊವೆನ ಹೇಳುತ್ತಾರೆ. ಮಸ್ಕತ್ತಿನಲ್ಲಿರುವ ಭಾವ, ಮುಂಬೈಯಲ್ಲಿರುವ ಮಾವ, ಇವರನ್ನೆಲ್ಲ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿ ಆಗುತ್ತದೆ. ಇಷ್ಟರಲ್ಲಿ ಒಳಕೋಣೆಯಲ್ಲಿ ಗಂಜಿ ಕುಡಿಯುತ್ತ ಕುಳಿತ ಅಜ್ಜನಿಗೆ ಮಾತ್ರ "ನಾಳೆ ಒಂದು ಸಣ್ಣ ಟೆಸ್ಟು ಉಂಟು" ಎಂದು ಹೇಳಿ ಕಾರು ಹತ್ತಿಸುತ್ತೇವೆ.

ಇದರಲ್ಲಿ ಕೆಟ್ಟತನ ಎಳ್ಳಷ್ಟೂ ಇಲ್ಲ. ಅದೇ ಕಷ್ಟ. ಆಸ್ತಿಗಾಗಿ ಮುಚ್ಚಿಟ್ಟರೆ ಬೈಯಬಹುದು. ಪ್ರೀತಿಯಿಂದ ಮುಚ್ಚಿಡುವವರನ್ನು ಯಾರು ಬೈಯುವುದು? "ಡಾಕ್ಟ್ರೆ, ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ, ಹೆದರಿ ಅರ್ಧ ಸಾಯ್ತಾರೆ" ಎನ್ನುವ ಮಗ ಊಟ ನಿದ್ದೆ ಬಿಟ್ಟು ಆ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿ ಮಲಗುವವನೇ ಆಗಿರುತ್ತಾನೆ.

ಬಾಯಿ ಅಂಥದೊಂದು ಕತೆ ಹೇಳಿದರು. ಆಸ್ಪತ್ರೆಯ ಹೆಸರು ಬೇಡ, ಆ ಮನುಷ್ಯನ ಹೆಸರು ಅವರಿಗೂ ನೆನಪಿಲ್ಲ. ಘಟ್ಟದ ಕೆಳಗಿನ ಅಡಿಕೆ ತೋಟದವರು, ಹೊಟ್ಟೆಯ ಕ್ಯಾನ್ಸರು. ಮಕ್ಕಳು ಬಂದು ನರ್ಸುಗಳನ್ನೆಲ್ಲ ಕಂಡು ಕೈಮುಗಿದು ಹೇಳಿದ್ದರಂತೆ, ಅಲ್ಸರ್ ಅಂತಲೇ ಹೇಳಿ ಎಂದು. ಇವರಿಗೆ ನೈಟ್ ಡ್ಯೂಟಿ. ಎರಡು ಗಂಟೆಗೆ ಡ್ರಿಪ್ ಬದಲಿಸಲು ಹೋದರೆ ಆತ ಎಚ್ಚರವಾಗಿದ್ದಾರೆ. ಮೊದಲು ಕೆಳಗೆ ಮಲಗಿದ್ದ ಮಗನ ಕಡೆ ನೋಡಿ, ಗೊರಕೆ ಕೇಳಿ, ಖಾತ್ರಿಯಾದ ಮೇಲೆ ಮೆಲ್ಲ ಕೇಳಿದರಂತೆ: "ಸಿಸ್ಟರ್, ನನಗೆ ಎಂತ ಆದದ್ದು ಅಂತ ಮಕ್ಕಳಿಗೆ ಗೊತ್ತುಂಟಾ? ಗೊತ್ತಿಲ್ಲದಿದ್ರೆ ಹೇಳ್ಲಿಕ್ಕೆ ಹೋಗ್ಬೇಡಿ. ಪಾಪ, ತಡ್ಕೊಳ್ಳಿಕ್ಕಿಲ್ಲ."

"ನೀವು ಎಂತ ಹೇಳಿದ್ರಿ?"

"ಎಂತ ಹೇಳುದು? ಡ್ರಿಪ್ಪಿನ ಹನಿ ಎಣಿಸಿ ಹೊರಗೆ ಬಂದೆ. ಆ ಕಡೆಯವರಿಗೂ ಗೊತ್ತು, ಈ ಕಡೆಯವರಿಗೂ ಗೊತ್ತು. ನಡುವೆ ನಾವು ಅಲ್ಸರಿನ ಮಾತ್ರೆ ಹಿಡ್ಕೊಂಡು ಓಡಾಡುದು. ತೋಟ ಯಾರಿಗೆ, ಸಾಲ ಎಷ್ಟು, ಅಂತ ಮಾತಾಡ್ಲಿಕ್ಕೆ ಅವರಿಗೆ ಒಂದು ತಿಂಗಳು ಇತ್ತು ಶೆಟ್ರೆ. ಆ ತಿಂಗಳು ಪೂರ್ತಿ ಹವೆಯ ಬಗ್ಗೆ ಮಾತಾಡಿದ್ರು."

ಹುಡುಗಿ ಈ ನಡುವೆ ಪುಸ್ತಕ ಮುಚ್ಚಿದ್ದಳು. ಅವಳ ಪ್ರಶ್ನೆ ಬೇರೆ. "ಗ್ರ್ಯಾನಿ, ನಾವು ಕ್ಲಿನಿಕ್ಸಿಗೆ ಹೋದ್ರೆ ಹತ್ತು ಹನ್ನೆರಡು ಸ್ಟೂಡೆಂಟ್ಸ್ ಒಂದೇ ಪೇಷಂಟಿನ ಹೊಟ್ಟೆ ಒತ್ತಿ ನೋಡ್ತೇವೆ. ಒಬ್ರಾದ ಮೇಲೆ ಒಬ್ರು. ಅವರು ಬೇಡ ಅಂತ ಹೇಳೂದೇ ಇಲ್ಲ. ಅದು ಒಪ್ಪಿಗೆಯಾ?"

ಇಂಥ ಪ್ರಶ್ನೆ ಹುಟ್ಟಲು ಮಂಗಳೂರಿಗಿಂತ ಒಳ್ಳೆಯ ಊರಿಲ್ಲ. ವೆನ್ಲಾಕ್ ಆಸ್ಪತ್ರೆ 1848ರದ್ದು. ಆಮೇಲೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕಿನ ಹೆಸರು ಅದಕ್ಕೆ ಅಂಟಿತು. ಹೆರಿಗೆಗೆ ಲೇಡಿ ಗೋಷನ್, ಅದೂ ಇನ್ನೊಬ್ಬ ಗವರ್ನರನ ಹೆಂಡತಿಯ ಹೆಸರು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ದೇಶದಲ್ಲಿ ಖಾಸಗಿಯವರು ವೈದ್ಯರನ್ನು ತಯಾರಿಸುವುದು ಎಂದರೆ ಅಪರೂಪದ ಮಾತು. ಕಾಲೇಜು ಉಂಟು, ಹುಡುಗರು ಇದ್ದಾರೆ, ರೋಗಿಗಳು ಎಲ್ಲಿ? ಆಗ ಆದ ಏರ್ಪಾಡು ಇದು: ಸರ್ಕಾರದ ವೆನ್ಲಾಕಿನಲ್ಲಿ ಖಾಸಗಿ ಕಾಲೇಜಿನ ಹುಡುಗರು ಕಲಿಯುವುದು, ಕಾಲೇಜಿನ ತಜ್ಞರು ಅಲ್ಲಿ ಬಡವರಿಗೆ ಚಿಕಿತ್ಸೆ ಕೊಡುವುದು. ಆ ಏರ್ಪಾಡಿನಿಂದ ಜಿಲ್ಲೆಗೆ ಆದ ಲಾಭ ಸಣ್ಣದಲ್ಲ. ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರ ಮುಖ ಕಾಣುವುದೇ ಅಪರೂಪ ಇದ್ದ ಕಾಲದಲ್ಲಿ ಇಲ್ಲಿ ಪ್ರೊಫೆಸರುಗಳೇ ರೌಂಡಿಗೆ ಬರುತ್ತಿದ್ದರು.

ಆದರೂ ಹುಡುಗಿಯ ಪ್ರಶ್ನೆ ಉಳಿಯುತ್ತದೆ, ಯಾವ ಆಸ್ಪತ್ರೆಯಾದರೂ ಸರಿ. ಮುಂದೆ ದುಬೈಯಲ್ಲೋ ಲಂಡನ್ನಿನಲ್ಲೋ ಶ್ರೀಮಂತರ ಹೊಟ್ಟೆ ಮುಟ್ಟುವ ಕೈ ಮೊದಲು ಪಳಗುವುದು ಜನರಲ್ ವಾರ್ಡಿನ ಬಡವರ ಹೊಟ್ಟೆಯ ಮೇಲೆ. ಸ್ಪೆಷಲ್ ರೂಮಿನ ಬಾಗಿಲಿಗೆ ಒಳಗಿನಿಂದ ಬೋಲ್ಟು ಉಂಟು, ಬೇಡ ಎನ್ನಬಹುದು. ಜನರಲ್ ವಾರ್ಡಿನಲ್ಲಿ ಪರದೆಯೇ ಅರ್ಧ ಹರಿದಿರುತ್ತದೆ. ಪುಕ್ಕಟೆ ಮದ್ದು ತಿನ್ನುವವರು ಹೊಟ್ಟೆ ತೋರಿಸಬೇಕಾದ್ದು ನ್ಯಾಯವೇ ಎಂದು ವಾದಿಸುವವರನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರೂ ಜನರಲ್ ವಾರ್ಡಿನಲ್ಲಿ ಮಲಗಿದವರಲ್ಲ.

ಬಾಯಿ ತೀರ್ಪು ಕೊಟ್ಟರು. "ಮುಟ್ಟದೆ ಡಾಕ್ಟ್ರಾಗ್ಲಿಕ್ಕೆ ಆಗುದಿಲ್ಲ ಮಗಾ. ನೀನು ಹೋಗಿ ಮೊದಲು ಹೆಸರು ಹೇಳು. 'ನಾನು ಕಲೀತಾ ಇದ್ದೇನೆ ಅಜ್ಜಿ, ಹೊಟ್ಟೆ ನೋಡ್ಬಹುದಾ?' ಅಂತ ಕೇಳು. ಕೈ ತಣ್ಣಗಿದ್ರೆ ಉಜ್ಜಿ ಬೆಚ್ಚಗೆ ಮಾಡು. ಪರದೆ ಎಳಿ. ಆಗಿ ಹೋಗುವಾಗ ಸೀರೆ ಸರಿ ಮಾಡಿ ಹೋಗು, ಅವರಿಗೇ ಬಿಟ್ಟು ಬರ್ಬೇಡ. ಬೇಡ ಅಂದ್ರೆ ಮುಖ ಉಬ್ಬಿಸ್ಬೇಡ." ಹುಡುಗಿ ಮೂರನೆಯ ತತ್ವದ ಕೆಳಗೆ ಪೆನ್ಸಿಲಿನಲ್ಲಿ ಏನೋ ಗೀಚಿಕೊಂಡಳು. ಪರೀಕ್ಷೆಯಲ್ಲಿ ತಣ್ಣನೆ ಕೈಗೆ ಎಷ್ಟು ಮಾರ್ಕು ಕೊಡುತ್ತಾರೋ!

ಗೌರವದ ಮಾತು ಬಂದಾಗ ಬಾಯಿಯ ಬಾಯಲ್ಲಿ ತಪ್ಪದೆ ಬರುವುದು ಅರುಣಾ ಶಾನಭಾಗ. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಕರಾವಳಿಯಿಂದ ಹಾಗೆ ಬಿಳಿ ಯೂನಿಫಾರ್ಮು ಹೊತ್ತು ಮುಂಬೈ ಬಸ್ಸು ಹತ್ತಿದವರು ಎಷ್ಟು ಮಂದಿ! 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯ ಒಬ್ಬ ವಾರ್ಡ್‌ಬಾಯ್ ನಾಯಿಯ ಸರಪಳಿ ಕುತ್ತಿಗೆಗೆ ಬಿಗಿದು ಆಕೆಯ ಮೇಲೆ ಎರಗಿದ. ಮಿದುಳಿಗೆ ಆಮ್ಲಜನಕ ಹೋಗದೆ ಅರುಣಾ ಆಮೇಲೆ ಏಳಲಿಲ್ಲ. ಸಾಯಲೂ ಇಲ್ಲ. 2015ರ ಮೇ 18ರ ತನಕ, ನಲವತ್ತೊಂದು ವರ್ಷಕ್ಕೂ ಮೇಲೆ, ಕೆಇಎಂನ ಒಂದು ಕೋಣೆಯಲ್ಲಿ ಮಲಗಿದ್ದರು.

ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು, ಈ ಜೀವವನ್ನು ಹೀಗೆ ಒತ್ತಾಯದಿಂದ ಉಣಿಸಿ ಎಳೆಯಬೇಡಿ ಎಂದು. ಕೆಇಎಂ ನರ್ಸುಗಳು ಎದುರು ನಿಂತರು, ಆಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು ವಿಚಿತ್ರವಾಗಿ ಇಬ್ಬರ ಮಾತನ್ನೂ ಹಿಡಿಯಿತು. ಕೆಲವು ಸಂದರ್ಭದಲ್ಲಿ ಹೈಕೋರ್ಟಿನ ಒಪ್ಪಿಗೆಯೊಂದಿಗೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಎಂದು ದೇಶಕ್ಕೆ ಬಾಗಿಲು ತೆರೆಯಿತು. ಅರುಣಾಳ ಮಟ್ಟಿಗೆ ಮಾತ್ರ, ಆಕೆಯ ಪರವಾಗಿ ಮಾತಾಡುವ ಹಕ್ಕು ಕೆಇಎಂನವರದೇ ಎಂದು ಬಾಗಿಲು ಮುಚ್ಚಿತು.

"ಅಷ್ಟು ವರ್ಷ ಮಲಗಿದವಳ ಬೆನ್ನಿಗೆ ಒಂದು ಹುಣ್ಣು ಆಗಲಿಕ್ಕೆ ಬಿಡ್ಲಿಲ್ಲ ಅವರು" ಎನ್ನುವಾಗ ಬಾಯಿಯ ಸ್ವರ ಏರುತ್ತದೆ. "ಬೆಡ್‌ಸೋರ್ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಾ ಶೆಟ್ರೆ? ಎರಡು ದಿನ ತಿರುಗಿಸಿ ಮಲಗಿಸದಿದ್ರೆ ಸೊಂಟದ ಹತ್ರ ಚರ್ಮ ಕೆಂಪಾಗ್ತದೆ. ನಾಲ್ಕು ದಿನಕ್ಕೆ ಒಡೀತದೆ. ಒಂದು ತಲೆಮಾರಿನ ನರ್ಸುಗಳು ರಿಟೈರಾದ್ರು, ಇನ್ನೊಂದು ತಲೆಮಾರು ಬಂತು, ಹೊಸಬರು ಅವಳನ್ನು ಮಾತಾಡಿದ್ದು ಕೇಳಿದವರೇ ಅಲ್ಲ. ಆದ್ರೂ ತಿರುಗಿಸಿದ್ರು. ಮೀನು ಕೊಟ್ರೆ ಮುಖ ಅರಳ್ತದೆ ಅಂತ ಹೇಳ್ತಿದ್ರಂತೆ. ಕರಾವಳಿಯವಳಲ್ವಾ."

ನಾನು ಅದಕ್ಕೆ ತಲೆಬಾಗುತ್ತೇನೆ. ಆದರೂ ಬ್ಯಾಂಕಿನವನ ಹುಳ ಸುಮ್ಮನಿರುವುದಿಲ್ಲ. "ಬಾಯಿ, ವಿರಾನಿಯವರೂ ಅರುಣಾಳ ಪರ, ನರ್ಸುಗಳೂ ಅರುಣಾಳ ಪರ. ಖಾತೆದಾರಳಿಗೆ ಎಂತ ಬೇಕಿತ್ತು?"

"ಅದು ಕೇಳ್ಲಿಕ್ಕೆ ಆಗುವ ಹಾಗೆ ಅವನು ಬಿಟ್ಟಿದ್ದನಾ?" ಎಂದು ಬಾಯಿ ನನ್ನ ಮೇಲೆಯೇ ರೇಗಿದರು. ಸಿಟ್ಟು ನ್ಯಾಯವಾದದ್ದೇ. ಆ ವಾರ್ಡ್‌ಬಾಯ್‌ಗೆ ಆದ ಶಿಕ್ಷೆ ಏಳು ವರ್ಷ, ಅದೂ ದರೋಡೆ ಮತ್ತು ಕೊಲೆ ಯತ್ನಕ್ಕೆ. ಅತ್ಯಾಚಾರದ ಕೇಸು ಹಾಕಲೇ ಇಲ್ಲ.

ಕತ್ತಲಾಗುತ್ತ ಬಂದಿತ್ತು. ಸೊಳ್ಳೆಗೆ ಕಾಲು ಬಡಿಯುತ್ತ ನಾನು ಅವರನ್ನು ತಣ್ಣಗೆ ಮಾಡಲೆಂದು ಬೇರೆ ವಿಷಯ ತೆಗೆದೆ, ಅದೂ ಬೆಂಕಿಯೇ. ತಲಪಾಡಿ.

2020ರ ಮಾರ್ಚ್ ಕೊನೆಯ ವಾರ ಮರೆಯುವ ಹಾಗಿಲ್ಲ. ಕಾಸರಗೋಡಿನಲ್ಲಿ ಕೋವಿಡ್ ಏರುತ್ತಿತ್ತು. ನಮ್ಮ ಸರ್ಕಾರ ಕೇರಳದ ಗಡಿ ಮುಚ್ಚಿತು. ತಲಪಾಡಿಯಲ್ಲಿ ಗೇಟು, ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಮಂಜೇಶ್ವರದವರಿಗೆ ಮಂಗಳೂರು ಎಂದರೆ ಪಕ್ಕದ ರಾಜ್ಯ ಅಂತ ಯಾವತ್ತೂ ಅನಿಸಿರಲಿಲ್ಲ. ಹೆರಿಗೆ, ಡಯಾಲಿಸಿಸ್, ಹಾರ್ಟು, ಎಲ್ಲದಕ್ಕೂ ಅವರು ಬರುವುದು ಇಲ್ಲಿಗೇ. ಕನ್ನಡ, ತುಳು, ಮಲಯಾಳ, ಬ್ಯಾರಿ ಮಾತಾಡುವ ಆ ಜನರಿಂದಲೇ ನಮ್ಮ ಅರ್ಧ ಆಸ್ಪತ್ರೆಗಳ ಒಪಿಡಿ ತುಂಬುತ್ತಿತ್ತು. ಅಂಬುಲೆನ್ಸು ತಲಪಾಡಿಗೆ ಬಂದು ನಿಂತು ವಾಪಸು ಹೋಯಿತು. ಹಾಗೆ ವಾಪಸು ಹೋದವರಲ್ಲಿ ಕೆಲವರು ಉಳಿಯಲಿಲ್ಲ. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ಬಿಡಿಸಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ಕ್ಕೆ ಎರಡೂ ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿವೆ ಎಂದು ಮುಗಿಯಿತು.

"ನೀವು ಆಗ ಮುಚ್ಚಿದ್ದು ಸರಿ ಅಂದಿದ್ರಿ ಬಾಯಿ."

"ಈಗಲೂ ಪೂರ್ತಿ ತಪ್ಪು ಅಂತ ಹೇಳುದಿಲ್ಲ. ಆಗ ಮಾಸ್ಕಿಲ್ಲ, ಕಿಟ್ಟಿಲ್ಲ. ಒಬ್ಬ ಬಂದು ಡಯಾಲಿಸಿಸ್ ಯೂನಿಟ್ಟಿಗೆ ಹಚ್ಚಿದ್ರೆ ಮಷಿನಿನಲ್ಲಿರುವ ಅಷ್ಟೂ ಜನರಿಗೆ ಅಪಾಯ. ಕೇಡು ತಪ್ಪಿಸ್ಬೇಕು ಅಂತ ಇವಳ ಪುಸ್ತಕದಲ್ಲೇ ಉಂಟಲ್ಲ."

"ಯಾರ ಕೇಡು ಗ್ರ್ಯಾನಿ?" ಎಂದಳು ಮೊಮ್ಮಗಳು. "ಇಲ್ಲಿಯವರಿಗೆ ಆಗ್ಬಹುದಾದ ಕೇಡು ತಪ್ಪಿಸ್ಲಿಕ್ಕೆ ಅಲ್ಲಿಯವರಿಗೆ ಖಂಡಿತ ಆಗುವ ಕೇಡು ಮಾಡಿದ್ದಲ್ವಾ? ಡಯಾಲಿಸಿಸ್ ತಪ್ಪಿದ್ರೆ ವಾರ ದಾಟುದು ಕಷ್ಟ."

ಬಾಯಿ ಕತ್ತಿ ಎತ್ತಿಕೊಂಡು ಒಂದು ದಂಟು ಕೊಯ್ದರು, ಮತ್ತೆ ಇಟ್ಟರು. "ರಸ್ತೆಗೆ ಮಣ್ಣು ಹಾಕಿದ್ದು ಮಾತ್ರ ಅತಿಯಾಯ್ತು. ಗೇಟಿನ ಹತ್ರ ಒಂದು ಟೆಂಟು ಹಾಕಿ ಇಬ್ಬರು ನರ್ಸನ್ನು ಕೂರಿಸಿ ಜ್ವರ ನೋಡಿ ಬಿಡ್ಬಹುದಿತ್ತು. ನನ್ನನ್ನು ಕರೆದಿದ್ರೆ ನಾನೂ ಹೋಗಿ ಕೂತ್ಕೊಳ್ತಿದ್ದೆ."

ಹೌದು, ಹೋಗುತ್ತಿದ್ದರು. ಆಮೇಲೆ ಆದ ಒಪ್ಪಂದವೂ ಸುಮಾರು ಹಾಗೇ ಇತ್ತು: ಗಡಿಯಲ್ಲಿ ವೈದ್ಯರು ನೋಡಿ ಬಿಡುವುದು. ಹತ್ತು ದಿನ ಮೊದಲು ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದು ನನ್ನ ತಕರಾರು. ಅದೇ ಗಡಿಯ ಜನರ ಮೇಲೆ, ಪಡ್ರೆ, ಎಣ್ಮಕಜೆಯ ಮೇಲೆ, ಅಲ್ಲಿಯ ಸರ್ಕಾರಿ ಪ್ಲಾಂಟೇಷನ್ನಿನವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದ್ದರು; ನಮ್ಮವರೂ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುತೋಟಗಳ ಮೇಲೆ ಸುರಿಸಿದರು. ಟೀ ಸೊಳ್ಳೆ ಎಂಬ ಕೀಟ ಸಾಯಲೆಂದು. ಕೆಳಗೆ ಬಾವಿ ಇದೆ, ಶಾಲೆ ಇದೆ, ಅಂಗಳದಲ್ಲಿ ಮಕ್ಕಳಿದ್ದಾರೆ ಎಂದು ಯಾರನ್ನೂ ಕೇಳಲಿಲ್ಲ. ಎಣ್ಮಕಜೆಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆಯವರಂಥವರು ಕೂಗಿ ಕೂಗಿ, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನೇ ದೇಶದಲ್ಲಿ ನಿಲ್ಲಿಸಿತು. ಊರಿಗೆ ಊರನ್ನೇ ಪೇಷಂಟ್ ಮಾಡಿಟ್ಟ ಮೇಲೆ ಆ ಊರು ಚಿಕಿತ್ಸೆಗೆ ಮಂಗಳೂರಿಗೆ ಬರುವಾಗ ನಾವು ಮಣ್ಣು ಸುರಿದೆವು. ಇದನ್ನು ಹೇಳಿದರೆ ನಮ್ಮ ಓಣಿಯಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು. ಇರಲಿ.

ಇಷ್ಟು ಮಾತಾದ ಮೇಲೆ ಬಾಯಿ ಒಳಗೆ ಹೋದರು. ಬಸಳೆಗೆ ಬಂಗುಡೆ ಹಾಕುವುದೋ ಸಿಗಡಿ ಹಾಕುವುದೋ ನೋಡಲಿಕ್ಕೆ ಎಂದುಕೊಂಡೆ. ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು.

"ಶೆಟ್ರೆ, ಸಾಕ್ಷಿ ಸಹಿ ಹಾಕ್ತೀರಾ?"

ನೋಡಿದರೆ ಲಿವಿಂಗ್ ವಿಲ್. ಅರುಣಾಳ ಕೇಸಿನಲ್ಲಿ ಶುರುವಾದ ದಾರಿ 2018ರ ಮಾರ್ಚ್ 9ರಂದು ಕಾಮನ್ ಕಾಸ್ ತೀರ್ಪಿಗೆ ಬಂದು ಮುಟ್ಟಿತು: ಪ್ರಜ್ಞೆ ಇರುವಾಗಲೇ ಮನುಷ್ಯ ತನಗೆ ಮುಂದೆ ಯಾವ ಚಿಕಿತ್ಸೆ ಬೇಡ ಎಂದು ಬರೆದಿಡಬಹುದು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಎದುರು ಹೋಗಬೇಕಿತ್ತು. ಹೋದವರು ಯಾರು? 2023ರ ಜನವರಿಯಲ್ಲಿ ಕೋರ್ಟು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಸಮಯ ಬಂದಾಗ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಇನ್ನೂ ಮೂವರ ಮತ್ತೊಂದು ಮಂಡಳಿ, ಎರಡೂ ಒಪ್ಪಬೇಕು. ಇದನ್ನು ಆಸ್ಪತ್ರೆಗಳಲ್ಲಿ ಹೇಗೆ ನಡೆಸಬೇಕು ಎಂದು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗೆ ವರ್ಷಗಟ್ಟಲೆ ಓಡಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರ ಫೋಟೋ ಆಗ ಎಲ್ಲ ಪೇಪರಿನಲ್ಲೂ ಬಂದಿತ್ತು. ಬಾಯಿ ಆ ಪೇಪರ್ ತುಂಡನ್ನೂ ಫೈಲಿನಲ್ಲಿ ಇಟ್ಟಿದ್ದರು.

ಓದಿದೆ. ಕನ್ನಡದಲ್ಲೇ ಬರೆದಿದ್ದಾರೆ, ನರ್ಸಿನ ಅಕ್ಷರ, ಕೇಸ್‌ಶೀಟಿನ ಹಾಗೆ ನೇರ. ಗುಣವಾಗುವ ಭರವಸೆ ಇಲ್ಲದಿದ್ದರೆ ವೆಂಟಿಲೇಟರ್ ಬೇಡ. ಎದೆ ಒತ್ತಿ ಪಕ್ಕೆಲುಬು ಮುರಿಯುವುದು ಬೇಡ. ನೋವಿಗೆ ಮದ್ದು ಬೇಕು, ಧಾರಾಳ ಕೊಡಬೇಕು, ಅಭ್ಯಾಸ ಆಗ್ತದೆ ಎಂದು ಯಾರೂ ಲೆಕ್ಕ ಹಾಕಬಾರದು. ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕು. 'ತಿರುಗಿಸಿ' ಎಂಬುದರ ಕೆಳಗೆ ಎರಡು ಗೆರೆ. ಬಾಯಲ್ಲಿ ನುಂಗುವಷ್ಟು ದಿನ ಮೀನಿನ ಸಾರು ಕೊಡಬೇಕು, ಡಯಟೀಶಿಯನ್ ಏನೇ ಹೇಳಲಿ.

ಕೊನೆಯಲ್ಲಿ ತನ್ನ ಪರವಾಗಿ ಮಾತಾಡಬೇಕಾದವರ ಹೆಸರು. ಮೊದಲನೆಯದು ಮೊಮ್ಮಗಳದು, ಎರಡನೆಯದು ಮಸ್ಕತ್ತಿನಲ್ಲಿರುವ ಮಗನದು.

"ಮಗನಿಗೆ ಹೇಳಿದ್ದೀರಾ?"

ಬಾಯಿ ಬಸಳೆ ಎಲೆಯ ಮೇಲಿನ ಹುಳವೊಂದನ್ನು ಹುಡುಕತೊಡಗಿದರು. "ಅವನಿಗೆ ಈಗಲೇ ಎಂತಕ್ಕೆ? ದೂರದಲ್ಲಿದ್ದಾನೆ. ಕೇಳಿದ್ರೆ ಹೆದರ್ತಾನೆ. ತಡ್ಕೊಳ್ಳಿಕ್ಕಿಲ್ಲ."

ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅಡಿಕೆ ತೋಟದವರ ಕತೆ ಮುಗಿದು ಇನ್ನೂ ಒಂದು ಗಂಟೆ ಆಗಿರಲಿಲ್ಲ.

"ಬಾಯಿ, ಇದರ ಒಂದು ಪ್ರತಿ ಮಗನ ಕೈಗೆ ಹೋಗ್ಲೇಬೇಕು. ಒಂದು ಕಾರ್ಪೊರೇಷನ್ ಆಫೀಸಿಗೂ ಕೊಡ್ಬೇಕು, ಅಲ್ಲಿ ಅದನ್ನು ಇಟ್ಟುಕೊಳ್ಳಿಕ್ಕೆ ಒಬ್ಬ ಅಧಿಕಾರಿ ಇರ್ಬೇಕು ಅಂತ ಕಾನೂನು. ಕಾರ್ಪೊರೇಷನ್ನಿನ ಗುಮಾಸ್ತನಿಗೆ ಗೊತ್ತಿರುದು ನಿಮ್ಮ ಮಗನಿಗೆ ಗೊತ್ತಿರ್ಲಿಕ್ಕಿಲ್ವಾ? ನಾಮಿನಿಗೆ ಹೇಳದೆ ಇಟ್ಟ ಡಿಪಾಸಿಟ್ಟು ಕೊನೆಗೆ ರಿಸರ್ವ್ ಬ್ಯಾಂಕಿಗೆ ಹೋಗಿ ಬೀಳ್ತದೆ, ಗೊತ್ತುಂಟಲ್ಲ?"

"ಅವನು ಮಗ ಶೆಟ್ರೆ, ನಾಮಿನಿ ಅಲ್ಲ."

"ಹಾಗಾದ್ರೆ ನನ್ನ ಸಹಿಯೂ ಇಲ್ಲ."

ಸ್ವಲ್ಪ ಹೊತ್ತು ಮುನಿಸಿಕೊಂಡರು. ಫೈಲನ್ನು ಗೋಡೆಯ ಮೇಲಿಟ್ಟು ದಂಟುಗಳನ್ನು ಕಟ್ಟು ಮಾಡಿದರು, ಒಂದು ಕಟ್ಟು ನನ್ನ ಕಡೆ ತಳ್ಳಿದರು. ಆಮೇಲೆ, "ಆದಿತ್ಯವಾರ ಅವನ ಫೋನು ಬರ್ತದೆ. ನೀವೇ ಹೇಳಿ, ನಿಮಗೆ ಬ್ಯಾಂಕಿನವರ ಹಾಗೆ ನಯವಾಗಿ ಹೇಳ್ಲಿಕ್ಕೆ ಗೊತ್ತುಂಟು" ಎಂದರು.

"ನನ್ನದು ಸಾಕ್ಷಿ ಮಾತ್ರ. ಹೇಳ್ಬೇಕಾದವರು ನೀವು."

"ಆಯ್ತು ಮಾರಾಯ್ರೆ, ನಾನೇ ಹೇಳ್ತೇನೆ. ಆದ್ರೆ ಅವನದ್ದು ಊಟ ಆದ ಮೇಲೆ."

ಒಮಾನಿಗೂ ನಮಗೂ ಒಂದೂವರೆ ಗಂಟೆ ವ್ಯತ್ಯಾಸ ಉಂಟು ಎಂದು ಮೊಮ್ಮಗಳು ನೆನಪಿಸಿದಳು. ಅಲ್ಲಿ ಊಟ ಆಗುವಾಗ ಇಲ್ಲಿ ಬಾಯಿಗೆ ನಿದ್ದೆಯ ಹೊತ್ತು. ಹಾಗಾಗಿ ಈ ವಾರ ಬೇಗ ಉಣ್ಣು ಎಂದು ಮಗನಿಗೆ ಮೊದಲೇ ಮೆಸೇಜು ಕಳಿಸುವುದೆಂದು, ಯಾಕೆ ಅಂತ ಮಾತ್ರ ಅದರಲ್ಲಿ ಬರೆಯುವುದು ಬೇಡವೆಂದು, ಅಜ್ಜಿ ಮೊಮ್ಮಗಳ ನಡುವೆ ತೀರ್ಮಾನವಾಯಿತು.